ಹಾಲಿಲ್ಲದ ಮಿಲ್ಕ್‌ಶೇಕೂ, ಡಬ್ಬದ ಬಾದಾಮಿ ನೀರೂ

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಕಳಸದ ಹತ್ರ. ಅಕ್ಕನೂ ಮಗಳನ್ನ ಕರ್ಕೊಂಡು ಬಂದಿದ್ಲು. ಆರು ವರ್ಷದ ಪುಟ್ಟಿಗೆ ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಭೇದಿ. ಹಾಲಲ್ಲಿರೋ ಲ್ಯಾಕ್ಟೋಸ್ ಅರಗಲ್ಲ ಅಂತ ಡಾಕ್ಟರ್ ಹೇಳಿದಾರೆ. ಅಕ್ಕನ ಬ್ಯಾಗಲ್ಲಿ ಬಟ್ಟೆಗಿಂತ ಜಾಸ್ತಿ ಬಾದಾಮಿ ಹಾಲಿನ ಡಬ್ಬಗಳು! ಬಂದ ನೆಂಟರೆಲ್ಲ ಮಗು ಎದುರಿಗೇ "ಅಯ್ಯೋ ಪಾಪ, ಹಾಲೇ ಆಗಲ್ವಂತೆ" ಅಂತ ಲೊಚಗುಟ್ಟೋದು. ಎರಡನೇ ದಿನಕ್ಕೆ ಪುಟ್ಟಿ, ಗೇಟ್ ಸದ್ದಾದ್ರೆ ಸಾಕು, ಒಳಗೆ ಓಡಿಹೋಗ್ತಿದ್ಲು.

ನಂಗೆ ಡಬ್ಬದ ಮೇಲೂ ಸಿಟ್ಟು, ನಮ್ಮವರ ಮೇಲೂ ಸಿಟ್ಟು.

ಡಬ್ಬ ತಿರುಗಿಸಿ ಓದಿ ಸ್ವಾಮಿ. ಯಾವುದು ಜಾಸ್ತಿ ಇದೆಯೋ ಅದನ್ನ ಮೊದಲು ಬರೀಬೇಕು ಅನ್ನೋದು ನಿಯಮ. ಮೊದಲ ಹೆಸರೇ ನೀರು! ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲು ಬೆಳೆಯೋದು ಕ್ಯಾಲಿಫೋರ್ನಿಯಾದಲ್ಲಿ. ಹಿತ್ತಲಲ್ಲೇ ತೆಂಗಿನಮರ ಇರೋ ಮನೆಗೆ ನಾವು ದುಡ್ಡು ಕೊಟ್ಟು ನೀರನ್ನ ಘಾಟಿ ಹತ್ತಿಸ್ತಿದೀವಿ.

ನಮ್ಮ ಅಡುಗೆ ಬ್ಲಾಗಿಗರೂ ಕಮ್ಮಿಯಿಲ್ಲ (ಬೇಜಾರು ಮಾಡ್ಕೋಬೇಡಿ). ಹಾಲಿಲ್ಲದ ಮಿಲ್ಕ್‌ಶೇಕ್ ಅಂತ ತಲೆಬರಹ, ಮೊದಲ ಸಾಲೇ "ಒಂದು ಕಪ್ ಬಾದಾಮಿ ಹಾಲು". ಯಾಕ್ರೀ? ಬಾಳೆಹಣ್ಣಿನ ರಸಾಯನ ಮತ್ತಿನ್ನೇನು? ಕಾಯಿತುರಿಗೆ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೇಲಿ ಹಿಂಡಿ. ಮೊದಲ ಗಟ್ಟಿಹಾಲು ಬೇರೆ, ಎರಡನೇ ಸಲ ಹಿಂಡಿದ ತೆಳುಹಾಲು ಬೇರೆ ಇಟ್ಕೊಳ್ಳಿ. ಎರಡು ಪುಟ್ಟಬಾಳೆ, ಬೆಲ್ಲ, ಏಲಕ್ಕಿ, ತೆಳುಹಾಲು ಮಿಕ್ಸಿಗೆ. ಗಟ್ಟಿಹಾಲು ಕೊನೇಲಿ. ಕುದಿಸಬೇಡಿ, ಒಡೆಯುತ್ತೆ. ದೊಡ್ಡವರಿಗಾದ್ರೆ ತಣ್ಣಗಿನ ಡಿಕಾಕ್ಷನ್ ಎರಡು ಚಮಚ ಸೇರಿಸಿ. ಕಾಫಿಗೆ ಬೆಲ್ಲ ಹಾಕೋದು ನಮಗೇನು ಹೊಸದಲ್ಲ. ಬೇಸಿಗೆಗೆ ಎಳ್ಳಿನ ಜ್ಯೂಸ್ ಇದ್ದೇ ಇದೆ: ಎಳ್ಳು ಹದವಾಗಿ ಹುರಿದು (ಸೀದ್ರೆ ಕಹಿ), ನೆನೆಸಿ, ನುಣ್ಣಗೆ ರುಬ್ಬಿ, ಸೋಸಿ, ಬೆಲ್ಲ. ಏಲಕ್ಕಿಗಂತೂ ಬರವಿಲ್ಲ, ಮೂಡಿಗೆರೆ ಹೆಸರಿನ ಏಲಕ್ಕಿ ತಳಿಯೇ ಇದೆ.

"ಅದನ್ನ ಹಾಲು ಅಂತಾರಾ?" ಅಂತ ಅತ್ತೆ ತಗಾದೆ. ಯುರೋಪಿನ ಕೋರ್ಟು 2017ರಲ್ಲಿ ಸೋಯಾ ಗೀಯಾದಿಂದ ಮಾಡಿದ್ದನ್ನ ಹಾಲು ಅಂತ ಮಾರಬಾರದು ಅಂತು. ತೆಂಗಿನ ಹಾಲಿಗೆ ವಿನಾಯಿತಿ ಇದೆ. ನಮಗೆ ಕೋರ್ಟ್ ಬೇಕಾ? ಕಾಯಿಹಾಲು, ಎಕ್ಕದ ಹಾಲು, ಭತ್ತದ ತೆನೆಯಲ್ಲಿ ಹಾಲು ತುಂಬೋದು... ಕನ್ನಡದಲ್ಲಿ ಹಾಲು ಹಸುವಿನ ಸ್ವತ್ತು ಯಾವತ್ತೂ ಆಗಿರಲಿಲ್ಲ.

ಒಂದು ಎಚ್ಚರಿಕೆ. ಕಾಯಿಹಾಲಲ್ಲಿ ಪ್ರೋಟೀನ್ ಬಹಳ ಕಮ್ಮಿ, ಕೂಸುಗಳಿಗೆ ಹಾಲಿನ ಬದಲು ಇದನ್ನೇ ಕೊಡಬೇಡಿ, ಡಾಕ್ಟರನ್ನ ಕೇಳಿ. ಹಾಲಿನ ಅಲರ್ಜಿ ಬೇರೆ, ಲ್ಯಾಕ್ಟೋಸ್ ಅರಗದಿರೋದು ಬೇರೆ. ಅಲರ್ಜಿ ಇದ್ದೋರ ರಸಾಯನಕ್ಕೆ "ಘಮ ಬರ್ಲಿ" ಅಂತ ತುಪ್ಪ ಬಿಟ್ಟೀರಿ, ಜೋಕೆ. ಎಳ್ಳಿನ ಜ್ಯೂಸಿಗೂ ಕೆಲವರ ಮನೇಲಿ ಹಾಲು ಬೆರೆಸ್ತಾರೆ, ಕೇಳಿ ಕುಡೀರಿ.

ಮೂರನೇ ದಿನ ಅಮ್ಮ ಪುಟ್ಟಿಗೊಬ್ಬಳಿಗೇ ಅಲ್ಲ, ಬಂದ ನೆಂಟರಿಗೆಲ್ಲ ರಸಾಯನವನ್ನೇ ಲೋಟಕ್ಕೆ ಬಗ್ಗಿಸಿ ಕೊಟ್ಲು. ಅತ್ತೆ ಎರಡು ಲೋಟ ಕುಡಿದ್ರು. ಪುಟ್ಟಿ ಒಳಗೆ ಓಡಲಿಲ್ಲ, ಟ್ರೇ ಹಿಡ್ಕೊಂಡು ಜಗುಲಿಗೆ ಅವಳೇ ಬಂದ್ಲು.

ಅಕ್ಕ ಬಿಟ್ಟುಹೋದ ಎರಡು ಡಬ್ಬ ಇನ್ನೂ ನಮ್ಮ ಅಡುಗೆಮನೆ ಶೆಲ್ಫಲ್ಲಿದೆ. ಬೇಕಾದವರು ಬಂದು ತಗೊಂಡು ಹೋಗಿ, ಪುಕ್ಕಟೆ :-)