ಯಾಕ ಅನ್ನೋದನ್ನೂ ಹೇಳ್ರಿ

ಹಿರಿಯರ ಮಾತು ಕೇಳಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಕೇಳುವವರು ಮಾತ್ರ ಕಡಿಮೆ. ನವಲಗುಂದ, ಅಣ್ಣಿಗೇರಿ ಕಡೆ ಯಾವ ಊರಿನ ಗುಡಿಕಟ್ಟೆಯ ಮೇಲೆ ಕುಳಿತರೂ ಇದೇ ದೂರು: ‘ಈಗಿನ ಹುಡುಗ್ರು ನಮ್ಮ ಮಾತು ಎಲ್ಲಿ ಕೇಳ್ತಾವ್ರಿ.’ ತಪ್ಪು ಹುಡುಗರದ್ದೇ ಎಂದು ಬೇಗ ಒಪ್ಪಿಬಿಡುತ್ತೇವೆ. ನನಗೇನೋ ಹಾಗನ್ನಿಸುವುದಿಲ್ಲ. ಹಿರಿಯರ ಬಾಯಿಂದ ಬಹಳ ಸಲ ಬರುವುದು ಅಪ್ಪಣೆ ಮಾತ್ರ. ಅದರ ಕಾರಣ ಅವರಲ್ಲೇ ಉಳಿದುಬಿಡುತ್ತದೆ.

ಹಿಂಗಾರಿ ಜೋಳವನ್ನೇ ತೆಗೆದುಕೊಳ್ಳಿ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲವಾದರೆ ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಅದು ತೆನೆಗೆ ಬರಬೇಕು. ಹಸಿ ಆರಿದಂತೆ ಎರೆಹೊಲ ಬಾಯಿಬಿಡುತ್ತದೆ. ಆ ಬಿರುಕಿನಲ್ಲಿ ಬೇರು ಹರಿಯುತ್ತದೆ, ಆಳದಲ್ಲಿ ಉಳಿದ ಹಸಿಯೂ ಹಾರಿಹೋಗುತ್ತದೆ. ಅದಕ್ಕೇ ಸಾಲಿನ ನಡುವೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುವುದು. ಅಜ್ಜ ಹೇಳುವುದು ಇಷ್ಟೇ: ‘ಎಡಿ ಹೊಡಿಯೋ ತಮ್ಮಾ.’ ಮೊಮ್ಮಗನ ತಲೆಯಲ್ಲಿ ಎಡೆ ಹೊಡೆಯುವುದೆಂದರೆ ಕಸ ತೆಗೆಯುವುದು. ಮನೆಯಲ್ಲಿ ಎತ್ತಿಲ್ಲ, ಬಾಡಿಗೆ ದುಬಾರಿ, ಕಸಕ್ಕೆ ಔಷಧಿ ಹೊಡೆದರಾಯಿತು ಎಂಬುದು ಅವನ ಲೆಕ್ಕ. ಅವನಿಗೆ ಗೊತ್ತಿರುವ ಮಟ್ಟಿಗೆ ಅದು ಸರಿಯೇ. ‘ಕಸ ಇಲ್ದಿದ್ರೂ ಹೊಡಿ, ಬಿರುಕು ಮುಚ್ಚತೈತಿ, ಹಸಿ ನಿಲ್ತೈತಿ’ ಎಂದು ಇನ್ನೊಂದು ಮಾತು ಸೇರಿಸಿದ್ದರೆ, ಎತ್ತಿಲ್ಲದಿದ್ದರೂ ಬೇರೆ ಯಾವ ದಾರಿಯಿದೆ ಎಂದು ಅವನೇ ಹುಡುಕುತ್ತಿದ್ದ.

ಕಾರಣ ಗೊತ್ತಿದ್ದರೆ ಕಾಲ ಬದಲಾದರೂ ಮಾತು ಕೆಲಸಕ್ಕೆ ಬರುತ್ತದೆ. ಇಂಥ ಮಳೆಗೆ ಬಿತ್ತು ಎಂಬ ನಕ್ಷತ್ರದ ಲೆಕ್ಕ ಈಗ ಪದೇಪದೇ ಕೈಕೊಡುತ್ತಿದೆ. ಉತ್ತರೆ ಒಣಗಿ ಹೋಗುತ್ತದೆ, ಕೊಯ್ಲಿನ ಹೊತ್ತಿಗೆ ಮಳೆ ಸುರಿಯುತ್ತದೆ. ಆದರೆ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಅಂಗೈಗೆ ಅಂಟದೆ ಉಂಡೆಯಾಗಿ ನಿಂತರೆ ಹದ ಬಂದಿದೆ ಎಂದು ತಿಳಿಯುವುದಕ್ಕೆ ಪಂಚಾಂಗ ಬೇಕಾಗಿಲ್ಲ.

ಕಾರಣ ಹೇಳಹೊರಟರೆ ಇನ್ನೊಂದು ಉಪಕಾರವಿದೆ, ಹಿರಿಯರಿಗೆ ಅಷ್ಟು ರುಚಿಸದ್ದು: ಕೆಲವು ಮಾತಿಗೆ ಕಾರಣವೇ ಸಿಗುವುದಿಲ್ಲ. ಬಾಣಂತಿಯ ಮೊದಲ ಹಾಲು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಬೆಲ್ಲದ ನೀರೋ ಜೇನೋ ಹಚ್ಚುವ ರೂಢಿಯನ್ನು ಎಷ್ಟೋ ಮನೆಗಳಲ್ಲಿ ನಡೆಸಿಕೊಂಡು ಬಂದವರು ಅಜ್ಜಿಯರೇ. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕೊಡಿ, ರೋಗ ತಡೆಯುವ ಶಕ್ತಿ ಆ ಹಳದಿ ಹಾಲಿನಲ್ಲೇ ಇದೆ ಎಂದು ಆಶಾ ಕಾರ್ಯಕರ್ತೆ ಹೇಳುವಾಗ, ಅವಳು ಅಜ್ಜಿಯ ಮೊಮ್ಮಗಳ ವಯಸ್ಸಿನವಳೇ ಇದ್ದಾಳು. ವಿವೇಕ ಅಲ್ಲಿ ಕಿರಿಯಳ ಕಡೆ ಇದೆ. ವಯಸ್ಸು ತಾನಾಗಿಯೇ ಯಾರನ್ನೂ ಜಾಣರನ್ನಾಗಿ ಮಾಡುವುದಿಲ್ಲ. ನೋಡಿದ್ದನ್ನು ತಾಳೆ ಹಾಕಿ ನೋಡಿದವರಷ್ಟೇ ಜಾಣರಾಗುತ್ತಾರೆ.

ಇನ್ನು ಎಷ್ಟು ಹೇಳಬೇಕು? ಕುಂದಗೋಳದ ಸವಾಯಿ ಗಂಧರ್ವರ (1886–1952) ಬಳಿ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದರು. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರವನ್ನು ಬಿಚ್ಚಬೇಕು ಎಂಬುದು ಗುರುಗಳು ಕಲಿಸಿದ ಪಾಠ ಎಂದು ಅವರು ನೆನೆಯುತ್ತಿದ್ದರು. ಉಪದೇಶಕ್ಕೂ ಆ ಜಿಪುಣತನ ಒಳ್ಳೆಯದು. (ನಮ್ಮ ಸಭೆಗಳ ಅಧ್ಯಕ್ಷ ಭಾಷಣಕ್ಕಂತೂ ಇನ್ನೂ ಒಳ್ಳೆಯದು.) ಕೇಳಿದಷ್ಟು ಹೇಳಿದರೆ ಕೇಳಿದವರು ಮತ್ತೆ ಬರುತ್ತಾರೆ.

ಆದರೆ ಕೇಳದಿದ್ದರೂ ಹೇಳಲೇಬೇಕಾದದ್ದು ಒಂದಿದೆ: ಸೋಲಿನ ಕತೆ. ನಮ್ಮ ಹಿರಿಯರು ಗೆದ್ದದ್ದನ್ನು ಹತ್ತು ಸಲ ಹೇಳುತ್ತಾರೆ, ಕೈಸುಟ್ಟುಕೊಂಡದ್ದನ್ನು ಮುಚ್ಚಿಡುತ್ತಾರೆ. ಯಾವ ಬೆಳೆ ನಂಬಿ ಸಾಲಗಾರರಾದರು, ಯಾವ ಹೊಲಕ್ಕೆ ಕಾಲುವೆ ನೀರು ಹೆಚ್ಚು ಬಿಟ್ಟು ಸವಳು ಮಾಡಿಕೊಂಡರು, ಯಾವ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದರು ಎಂಬುದೇ ಮುಂದಿನವರಿಗೆ ಬೇಕಾದ ಲೆಕ್ಕ. ಊರಿನ ಹೋರಾಟದ ಕತೆಯೂ ಹೀಗೆಯೇ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತರು. ಜುಲೈ 21ರಂದು ನವಲಗುಂದದಲ್ಲಿ ಗೋಲಿಬಾರ್ ಆಯಿತು. ಪ್ರತಿ ವರ್ಷ ಆ ದಿನ ಹಾರ ಬೀಳುತ್ತದೆ, ಭಾಷಣ ಆಗುತ್ತದೆ. ಕರದ ನೋಟಿಸು ಹೇಗೆ ಬಂತು, ಊರೂರು ಹೇಗೆ ಒಂದಾಯಿತು, ಆಮೇಲೆ ಎಲ್ಲಿ ಒಡೆಯಿತು ಎಂಬುದನ್ನು ಕಂಡು ಹೇಳಬಲ್ಲವರು ಭಾಷಣದ ವೇದಿಕೆಯ ಮೇಲಲ್ಲ, ಕಟ್ಟೆಯ ಮೇಲೆ ಕುಳಿತಿದ್ದಾರೆ. ಅಂದು ಇಪ್ಪತ್ತೈದರವರಾಗಿದ್ದವರು ಈಗ ಎಪ್ಪತ್ತರ ಅಂಚಿನಲ್ಲಿದ್ದಾರೆ. ಕೇಳುವವರು ಈ ವರ್ಷವೇ ಹೋಗಿ ಕೇಳಬೇಕು, ಹೇಳುವವರು ಸೋತದ್ದನ್ನೂ ಸೇರಿಸಿ ಹೇಳಬೇಕು.