ಕೊಳ್ಳೇಗಾಲವನ್ನ ಬೆಂಗಳೂರು ಮಾಡೋರಿಗೆ

2024ರ ಯುಗಾದಿಗೆ ಊರಿಗೆ ಹೋಗಿದ್ದೆ. ಆ ವರ್ಷದ ಬೆಂಗಳೂರಿನ ಬೇಸಿಗೆ ನಿಮಗೂ ನೆನಪಿರತ್ತೆ. ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್ಲೂ ಬತ್ತಿದ್ದವು, ಟ್ಯಾಂಕರಿನವನು ಫೋನ್ ಎತ್ತುತ್ತಿರಲಿಲ್ಲ. ದಿನ ಬಿಟ್ಟು ದಿನ ಸ್ನಾನ ಮಾಡಿ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು. ಅಂಥಾ ಊರಿಂದ ತಪ್ಪಿಸ್ಕೊಂಡು ಕೊಳ್ಳೇಗಾಲದಲ್ಲಿ ಬಸ್ಸಿಳಿದರೆ ಎದುರಿಗೇ ಒಂದು ಫ್ಲೆಕ್ಸು. ಹೊಸ ಲೇಔಟಂತೆ, 'ಬೆಂಗಳೂರು ಮಾದರಿ ಸೌಲಭ್ಯ'ವಂತೆ. ನಗೋಣ ಅಂದ್ರೆ ನಗು ಬರಲಿಲ್ಲ. ಯಾಕಂದ್ರೆ ಅದೇ ಥರದ ಇನ್ನೊಂದು ಲೇಔಟಿನಲ್ಲಿ 30-40 ಸೈಟೊಂದನ್ನ ನಾನೇ ತಗೊಂಡಿದ್ದೀನಿ.

ಹಾಗಾಗಿ ಈ ಬರಹ ಆ ಫ್ಲೆಕ್ಸಿನ ವಿರುದ್ಧ. ಸ್ವಲ್ಪ ನನ್ನ ವಿರುದ್ಧವೂ.

ಬೆಂಗಳೂರು ಕುಡಿಯೋ ನೀರು ಎಲ್ಲಿಂದ ಹೋಗತ್ತೆ ಅನ್ನೋದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ನಮ್ಮ ಆಫೀಸಿನ ಬಹಳ ಜನಕ್ಕೆ ಗೊತ್ತಿಲ್ಲ. ಶಿವನಸಮುದ್ರದ ಹತ್ತಿರ ಕಾವೇರಿಯ ನೀರನ್ನ ತಿರುಗಿಸಿ, ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿ.ಮೀ. ದೂರಕ್ಕೆ, 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡ್ತಾರೆ. ನೀವೆಲ್ಲ ವೀಕೆಂಡಿನಲ್ಲಿ ಭರಚುಕ್ಕಿ ನೋಡಿ ಸೆಲ್ಫಿ ತಗೊಂಡು ಹೋಗ್ತೀರಲ್ಲ, ಅದರ ಆಸುಪಾಸಿನಿಂದಲೇ. ಮೊದಲ ಹಂತ ಬಂದಿದ್ದು 1974ರಲ್ಲಿ. ಐದನೇ ಹಂತದ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ, ಅದೊಂದರ ಲೆಕ್ಕವೇ ದಿನಕ್ಕೆ 77.5 ಕೋಟಿ ಲೀಟರು. ಇಷ್ಟು ಎತ್ತರ ಹತ್ತಿದ ನೀರಿನಲ್ಲಿ ಒಂದು ಪಾಲು ಒಂದೇ ಸಲ ಬಳಕೆಯಾಗಿ ವೃಷಭಾವತಿಗೆ ಬಿದ್ದು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬರತ್ತೆ. ಯಾವ ಬಣ್ಣದಲ್ಲಿ ಅಂತ ಕೇಳಬೇಡಿ. ಕರೆಂಟಿನ ಕಥೆಯೂ ಇದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿಗೆ.

ದೊಡ್ಡ ಊರು ಬದುಕಬೇಕಾದ್ರೆ ದೂರದ ಹೊಳೆ ಬೇಕು, ಒಪ್ಪೋಣ. ಆದ್ರೆ ಕೊಳ್ಳೇಗಾಲವೇ ಬೆಂಗಳೂರಿನ ಮಾದರಿ ಹಿಡಿದ್ರೆ, ಅದಕ್ಕೆ ನೀರು ಕೊಡೋ ಇನ್ನೊಂದು ಕೊಳ್ಳೇಗಾಲವನ್ನ ಎಲ್ಲಿಂದ ತರೋಣ?

ನೀರು ಇಲ್ಲದಾಗ ಹೀಗೆ, ಜಾಸ್ತಿ ಆದಾಗ ಇನ್ನೊಂದು ಥರ. 2022ರ ಸೆಪ್ಟೆಂಬರ್ ಮೊದಲ ವಾರ ಔಟರ್ ರಿಂಗ್ ರೋಡು ಮುಳುಗಿ, ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದರಲ್ಲಿ ನಾನೂ ಒಬ್ಬ. (ಟ್ರ್ಯಾಕ್ಟರ್ ಹತ್ತಿ ಕಬ್ಬಿನ ಗದ್ದೆಗೆ ಹೋಗ್ತಿದ್ದೋನು ಬಿ.ಇ. ಓದಿದ್ದು ಮತ್ತೆ ಟ್ರ್ಯಾಕ್ಟರ್ ಹತ್ತೋಕಾ ಅನ್ನಿಸ್ತು.) ಅದೇ ಮಳೆಗಾಲದಲ್ಲಿ ಸುವರ್ಣಾವತಿಯೂ ತುಂಬಿ ಯಳಂದೂರು ಕಡೆಯ ಗದ್ದೆಬಯಲು ಮುಳುಗಿತ್ತು. ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡಿದೆ. "ಇಲ್ಲಿ ಹೊಳ ನೀರು ಗದ್ದಗ ಬಂದು ಎರಡು ದಿನ ಇದ್ದು ವಾಪಸ್ ಹೋಯ್ತು ಕಣಪ್ಪ. ನಿಮ್ಮೂರ್ಲಿ ಅದ್ಕ ಹೋಗಕ ದಾರಿನೇ ಮಡಗಿಲ್ವಲ್ಲ" ಅಂದ್ರು. ಬೆಳೆ ಹೋಗಿತ್ತು, ಅದರ ನಷ್ಟ ಸಣ್ಣದಲ್ಲ. ಆದ್ರೂ ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಆ ದಾರಿಯನ್ನ ನಮ್ಮ ಕಡೆಯೂ ಮುಚ್ಚೋ ಕೆಲಸ ಜೋರಾಗಿ ನಡೀತಿದೆ. ಕೆರೆ ಉಳಿಸ್ತೀವಿ ಅಂದ್ರೆ ಸುತ್ತ ವಾಕಿಂಗ್ ಟ್ರ್ಯಾಕು, ಕಬ್ಬಿಣದ ಬೇಲಿ, ಸಾಧ್ಯ ಆದ್ರೆ ಒಂದು ಕಾರಂಜಿ. ಕೆರೆಗೆ ನೀರು ತರೋ ಕಾಲುವೆ ಮೇಲೆ ಮಾತ್ರ ಸೈಟು. ನನ್ನ ಸೈಟಿನ ಹಿಂದೆಯೇ ಒಂದು ಹಳ್ಳ ಇತ್ತು, ಎತ್ತಿನಗಾಡಿ ಇಳಿದು ಹತ್ತೋ ಅಷ್ಟು ಅಗಲ. ಇವತ್ತು ಅದು ಎರಡಡಿ ಕಾಂಕ್ರೀಟ್ ಚರಂಡಿ. ಹನೂರಿನದು ಬೇರೆ ಪಾಡು. ಬೋರು ಆಳಕ್ಕೆ ಹೋಗ್ತಾ ಇದೆ, ಬೇಸಿಗೆಯಲ್ಲಿ ಬಿಂದಿಗೆ ಕಟ್ಟಿಕೊಂಡ ಟಿವಿಎಸ್ ಗಾಡಿಗಳು ಓಡಾಡ್ತಾವೆ. ಆ ಊರಲ್ಲೂ ಹೊಸ ಮನೆಯ ಮಾಳಿಗೆ ನೀರು ಪೈಪಲ್ಲಿ ಇಳಿದು ನೇರವಾಗಿ ರಸ್ತೆಗೆ ಬೀಳತ್ತೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರು. 100 ಚದರ ಮೀಟರ್ ಮಾಳಿಗೆಗೆ ವರ್ಷಕ್ಕೆ 700 ಮಿ.ಮೀ. ಮಳೆ ಅಂತ ಹಿಡಿದ್ರೆ 70 ಸಾವಿರ ಲೀಟರು. ಮೂರಡಿ ಅಗಲ, ಇಪ್ಪತ್ತಡಿ ಆಳಕ್ಕೆ ಸಿಮೆಂಟ್ ರಿಂಗ್ ಇಳಿಸಿ ಒಂದು ಇಂಗುಬಾವಿ ಮಾಡಿಸಿದ್ರೆ ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯತ್ತೆ, ಮೆಲ್ಲಗೆ ಇಂಗಿ ಮತ್ತೆ ಖಾಲಿಯಾಗತ್ತೆ. ಇದಕ್ಕೆ ಕನ್ಸಲ್ಟೆಂಟ್ ಬೇಡ, ಡಿಪಿಆರ್ ಬೇಡ. ಬಾವಿ ತೋಡೋ ಬೋವಿ ಜನ ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದು ನೀರು ಬರಿಸಿದವರೂ ಇಂಥ ಮಣ್ಣು ವಡ್ಡರೇ.

ಇಷ್ಟು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಹೋಗಬಹುದು. ಆದ್ರೆ ಸಣ್ಣದು ಅಂದ ಮಾತ್ರಕ್ಕೆ ಸಾಲಲ್ಲ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಲೇಔಟನ್ನೇ ನೋಡಿ. ಅಲ್ಲಿಯವರು ಮನೆಮನೆಗೆ ಖಾಸಗಿ ಬೋರ್ ಬೇಡ ಅಂದ್ರು, ಬಳಸಿದಷ್ಟಕ್ಕೆ ಏರೋ ದರ ಹಾಕಿದ್ರು, ಇಂಗುಬಾವಿ ತೋಡಿಸಿದ್ರು. ನೀರಿನ ವಿಷಯದಲ್ಲಿ ಇಡೀ ಬೆಂಗಳೂರಿಗೆ ಪಾಠ ಹೇಳೋ ಲೇಔಟು ಅದು. 2022ರಲ್ಲಿ ಮುಳುಗಿ ಸುದ್ದಿಯಾದದ್ದೂ ಅದೇ. ಅಲ್ಲಿಯ ಜನ ಸೋಮಾರಿಗಳಾಗಿರಲಿಲ್ಲ. ರಾಜಕಾಲುವೆಗೆ ಲೇಔಟಿನ ಕಾಂಪೌಂಡ್ ಗೊತ್ತಾಗಲ್ಲ, ಅಷ್ಟೇ. ಮೇಲಿನವರು ಏನು ಬಿಟ್ಟರು, ಕೆಳಗಿನವರು ಏನು ಮುಚ್ಚಿದರು ಅನ್ನೋದನ್ನ ಒಂದು ಗೇಟಿನ ಒಳಗಿನ ಅಸೋಸಿಯೇಶನ್ ತೀರ್ಮಾನ ಮಾಡೋಕಾಗಲ್ಲ.

ಕರಾಚಿಯ ಒರಂಗಿ ಬಡಾವಣೆಯ ಕಥೆ ಇಲ್ಲಿ ಉಪಯೋಗಕ್ಕೆ ಬರತ್ತೆ. 1980ರಲ್ಲಿ ಅಖ್ತರ್ ಹಮೀದ್ ಖಾನ್ ಶುರು ಮಾಡಿದ ಕೆಲಸ. ಒಂದೊಂದು ಗಲ್ಲಿಯವರು ಸೇರಿ, ತಾವೇ ದುಡ್ಡು ಹಾಕಿ, ತಮ್ಮ ಗಲ್ಲಿಯ ಒಳಚರಂಡಿ ತಾವೇ ಹಾಕಿಕೊಂಡರು. ಗಲ್ಲಿ ದಾಟಿದ ಮೇಲಿನ ದೊಡ್ಡ ಕೊಳವೆ, ಶುದ್ಧೀಕರಣ ಸರ್ಕಾರದ ಪಾಲು. ಜನ ತಮ್ಮ ಪಾಲು ಮುಗಿಸಿ, ಕೈಯಲ್ಲಿ ನಕ್ಷೆ ಹಿಡಿದು, ಈಗ ನಿಮ್ಮದು ಮಾಡಿ ಅಂದ್ರು. ನಮ್ಮಲ್ಲೇ ಬೇಕು ಅಂದ್ರೆ ದೇವನಹಳ್ಳಿ ಇದೆ. ಪಿಟ್ಟಿನಿಂದ ಲಾರಿಯಲ್ಲಿ ಎತ್ತಿದ ಮಲವನ್ನ ಹಳ್ಳಕ್ಕೆ ಸುರಿಯದೆ ಗೊಬ್ಬರ ಮಾಡೋ ಒಂದು ಸಣ್ಣ ಘಟಕ ಅಲ್ಲಿ 2015ರಿಂದ ಇದೆ. ಯಳಂದೂರು, ಹನೂರಿನ ಅಳತೆಗೆ ಹೊಲಿಸಿದ ಅಂಗಿ ಥರ ಇದೆ ಅದು. ನೂರಾರು ಕೋಟಿಯ ಒಳಚರಂಡಿ ಯೋಜನೆಯ ಶಂಕುಸ್ಥಾಪನೆಗೆ ಕಾಯ್ತಾ ಕೂರೋ ಬದಲು ಇಂಥದ್ದನ್ನ ಕೇಳಬಾರದಾ?

ಯಾರನ್ನ ಕೇಳೋದು ಅನ್ನೋದೇ ಪ್ರಶ್ನೆ. ಕೊಳ್ಳೇಗಾಲಕ್ಕೆ 2011ರ ಜನಗಣತಿಯಲ್ಲಿ ಸುಮಾರು 57 ಸಾವಿರ ಜನ, ನಗರಸಭೆಗೆ 31 ವಾರ್ಡು. ವಾರ್ಡಿಗೆ ಎರಡು ಸಾವಿರಕ್ಕೂ ಕಮ್ಮಿ. ಬೆಂಗಳೂರು ಪಾಲಿಕೆಗೆ ಅದೇ ಜನಗಣತಿಯಲ್ಲಿ 84 ಲಕ್ಷ ಜನ, ಆಗ 198 ವಾರ್ಡು. ವಾರ್ಡಿಗೆ 42 ಸಾವಿರ. ಹನೂರಿಗೆ 13 ವಾರ್ಡು, ಯಳಂದೂರಿಗೆ 11. ಇಲ್ಲಿ ವಾರ್ಡು ಅಂದ್ರೆ ನಾಲ್ಕೈದು ಬೀದಿ. ಸದಸ್ಯರ ಮನೆ ಎಲ್ಲರಿಗೂ ಗೊತ್ತು, ಬೆಳಗ್ಗೆ ಟೀ ಅಂಗಡಿಯಲ್ಲಿ ಸಿಕ್ಕೇ ಸಿಗ್ತಾರೆ. ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ.

ಅಂದ್ರೆ ಜನ ಕೂತು ತೀರ್ಮಾನ ಮಾಡೋಕೆ ಹೇಳಿ ಮಾಡಿಸಿದ ಅಳತೆ ಇರೋದು ನಮ್ಮ ಸಣ್ಣ ಊರುಗಳಲ್ಲಿ. ಕಾನೂನು ಮಾತ್ರ ಉಲ್ಟಾ. 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಕಡ್ಡಾಯ ಅನ್ನೋದು ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಊರಿಗೆ. ಹಳ್ಳಿಗೆ ಗ್ರಾಮಸಭೆ ಇದೆ, ಮಹಾನಗರಕ್ಕೆ ವಾರ್ಡ್ ಸಮಿತಿ ಇದೆ, ನಡುವಿನ ಪಟ್ಟಣಕ್ಕೆ ಸಂವಿಧಾನ ಕಡ್ಡಾಯ ಮಾಡಿದ್ದು ಎರಡೂ ಅಲ್ಲ. ಹನೂರು ಪಟ್ಟಣ ಪಂಚಾಯಿತಿ ಗಡಿಯ ಈಚೆ ಇರೋ ಹೆಂಗಸಿಗೆ ಎದ್ದು ನಿಂತು ಪ್ರಶ್ನೆ ಕೇಳೋ ಸಭೆ ಇಲ್ಲ, ಗಡಿಯ ಆಚೆಯ ಹಳ್ಳಿಯವಳಿಗೆ ಇದೆ. ರಾಜ್ಯ ಸರ್ಕಾರ ಮನಸ್ಸು ಮಾಡಿದ್ರೆ ಸಣ್ಣ ಊರಿಗೂ ವಾರ್ಡ್ ಸಭೆ ಕೊಡಬಹುದು, ಅದಕ್ಕೆ ಯಾರೂ ಅಡ್ಡ ಬಂದಿಲ್ಲ. ನನ್ನ ಪ್ರಕಾರ ಕೇಳಬೇಕಾದ ಮೊದಲ ಸೌಲಭ್ಯ ಅದು. ಬೀದಿ ದೀಪ, ಡಬಲ್ ರೋಡು ಆಮೇಲೆ.

ಸಭೆ ಯಾಕೆ, ಊರೋರು ಸೇರಿ ಶ್ರಮದಾನ ಮಾಡಿದ್ರೆ ಸಾಲದಾ, ಹಿಂದೆ ಹಾಗೇ ಅಲ್ವಾ ನಡೀತಿದ್ದದ್ದು ಅಂತ ನಮ್ಮ ಐಟಿ ಗೆಳೆಯರು ಕೇಳ್ತಾರೆ. ಕೆರೆ, ತೂಬು, ನೀರುಗಂಟಿ ಅಂತ ಸ್ಲೈಡ್ ಮಾಡಿ ತೋರಿಸ್ತಾರೆ. ನಮ್ಮ ತಾತ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವಾಗ ತೂಬು ಮುಚ್ಚಬೇಕು ಅನ್ನೋದು ಅವರ ತಲೆಯಲ್ಲಿತ್ತು. ಕೆರೆ ನೀರು ಅವರ ಕೈಯಿಂದ ಊರಿಗೆಲ್ಲ ಹೋಗ್ತಿತ್ತು. ಊರ ಮಧ್ಯದ ಬಾವಿಯಲ್ಲಿ ಮಾತ್ರ ಅವರು ಸೇದೋ ಹಾಗಿರಲಿಲ್ಲ, ಯಾರಾದರೂ ಸೇದಿ ಹೊಯ್ಯೋವರೆಗೂ ಅಜ್ಜಿ ಬಿಂದಿಗೆ ಇಟ್ಕೊಂಡು ನಿಂತಿರಬೇಕಿತ್ತು. ಈ 'ಊರೋರು' ಅನ್ನೋ ಪದ ಕೇಳಿದಾಗಲೆಲ್ಲ ನನಗೆ ಆ ಬಿಂದಿಗೆ ಕಾಣತ್ತೆ. ಯಜಮಾನರು ಕೂತು ಮಾಡೋ ಪಂಚಾಯ್ತಿಯಲ್ಲಿ ಚರಂಡಿ ಮೇಲಿನ ಬೀದಿಯಿಂದ ಶುರುವಾಗಿ ನಮ್ಮ ಬೀದಿಯ ಬಾಯಲ್ಲಿ ಮುಗಿಯತ್ತೆ. ಅದಕ್ಕೇ ನನಗೆ ಮತದಾರರ ಪಟ್ಟಿ ಇಟ್ಕೊಂಡು ಕರೆದ ಸಭೆ ಬೇಕು, ನಡಾವಳಿ ಬರೆದ ಪುಸ್ತಕ ಬೇಕು. ಭಾನುವಾರ ಟೀಶರ್ಟ್ ಹಾಕ್ಕೊಂಡು ಕೆರೆ ಕಸ ಹೆಕ್ಕೋರ ಮೇಲೆ ನನಗೆ ಕೋಪ ಇಲ್ಲ, ನಾನೂ ಹೆಕ್ಕಿದ್ದೀನಿ. ಸೋಮವಾರ ಆ ಕಸ ಎಲ್ಲಿಂದ ಬಂತು ಅಂತ ನಾವು ಕೇಳಲ್ಲ, ಕಷ್ಟ ಇರೋದು ಅಲ್ಲಿ.

ಕಳೆದ ತಿಂಗಳು ನಮ್ಮ ಲೇಔಟಿನಲ್ಲಿ ಆ ಹಳ್ಳದ ಸಾಲಿಗೆ ಸೈಟು ಇರೋ 22 ಜನಕ್ಕೆ ಫೋನ್ ಮಾಡಿದೆ. ಪ್ರತಿಯೊಬ್ಬರೂ ಐದಡಿ ಬಿಡೋಣ, ಹಳೇ ಸರ್ವೆ ನಕ್ಷೆ ತೆಗೆಸೋಣ ಅಂದೆ. ಏಳು ಜನ ಹೂಂ ಅಂದ್ರು. ಒಬ್ಬರು "ಐದಡಿ ಅಂದ್ರೆ ಎಷ್ಟು ಲಕ್ಷ ಗೊತ್ತಾ ಸಾರ್?" ಅಂದ್ರು. ಗೊತ್ತು, ನಂದೂ ಹೋಗತ್ತೆ, ಮನೆ ಸಾಲದ ಕಂತು ಮಾತ್ರ ಪೂರ್ತಿ 40 ಅಡಿಗೇ ಕಟ್ತೀನಿ. ಇನ್ನೊಬ್ಬರು ಎಲ್ಲ ಸಮಾಧಾನವಾಗಿ ಕೇಳಿ, "ಅದಿರ್ಲಿ, ತಾವು ಯಾವ ಕಡೆಯೋರು?" ಅಂದ್ರು. ಹೇಳಿದೆ. ಆಮೇಲೆ ಅವರು ಫೋನ್ ಎತ್ತಿಲ್ಲ.

ನಾನೂ ಸೇರಿ ಎಂಟು ಸಹಿಯ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೀನಿ. ವಾರ್ಡಿನ ಸದಸ್ಯರು ನಕ್ಷೆ ಬರಲಿ, ನೋಡುವಾ ಅಂದಿದ್ದಾರೆ. ನಕ್ಷೆ ಬಂದ್ರೂ ಬರದಿದ್ರೂ ಮುಂಗಾರಿಗೆ ಮೊದಲು ನನ್ನ ಐದಡಿ ಬಿಟ್ಟು ಬೇಲಿ ಹಾಕಿಸ್ತೀನಿ. ಬಾವಿ ತೋಡೋಕೆ ಇಬ್ಬರು ಮಂಗಳವಾರ ಬರ್ತಾರೆ, ರಿಂಗು ಆಗಲೇ ಸೈಟಿನಲ್ಲಿ ಇಳಿಸಿದ್ದಾರೆ.