ಹನ್ನೊಂದು ಅಂಕಿಗಳ ಹಾರ



“ನಮ್ಮ ವಂಶಕ್ಕೇ ಲೆಕ್ಕ ಹತ್ತುವುದಿಲ್ಲ” ಎಂಬ ಮಾತು ಲಕ್ಕೂರಿನ ಕಡೆಯ ಮನೆಗಳಲ್ಲಿಯೂ ಉಳಿದೆಡೆಗಳಲ್ಲಿಯೂ ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಹಿರಿಯರು ನಗುತ್ತ ಆಡಿದ ಈ ಮಾತನ್ನು ಮಗು ನಿಜವೆಂದೇ ನಂಬುತ್ತದೆ. ಉದ್ದನೆಯ ಸಂಖ್ಯೆಯೊಂದನ್ನು ಕಂಡೊಡನೆ ಪುಸ್ತಕವನ್ನು ಮುಚ್ಚಿಡುತ್ತದೆ. ಸಂಖ್ಯೆಯು ದೊಡ್ಡದಾದ ಮಾತ್ರಕ್ಕೆ ಕಠಿಣವಾಗದು ಎಂಬುದನ್ನು ಮನಗಾಣಿಸಲು ಕನ್ನಡ ನಾಡಿನ ಗಣಿತ ಪರಂಪರೆಯ ಒಂದು ಸಂಖ್ಯೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಆ ಸಂಖ್ಯೆ 12345654321. ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದಲ್ಲಿ ಇದು ಬಂದಿದೆ. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ. ಒಂದರಿಂದ ಆರರವರೆಗೆ ಏರಿ, ಮರಳಿ ಒಂದಕ್ಕೆ ಇಳಿಯುವ ಇದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಕೆಲವು ಸಂಖ್ಯೆಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಈ ಹಾರವನ್ನು ಪೋಣಿಸಿದ ಬಗೆ ಬಹು ಸರಳ. ಇದು 111111ರ ವರ್ಗ. ಆರು ಒಂದುಗಳ ಸಾಲನ್ನು, ಪ್ರತಿಸಲವೂ ಒಂದು ಸ್ಥಾನ ಎಡಕ್ಕೆ ಸರಿಸುತ್ತ, ಆರು ಬಾರಿ ಒಂದರ ಕೆಳಗೊಂದು ಬರೆದು ಕೂಡಿಸಿರಿ. ನಟ್ಟನಡುವಿನ ಸ್ಥಾನದಲ್ಲಿ ಆರು ಒಂದುಗಳು ಕೂಡುತ್ತವೆ. ಇಕ್ಕೆಲಗಳಲ್ಲಿ ಒಂದೊಂದಾಗಿ ಕಡಿಮೆಯಾಗುತ್ತವೆ. ಯಾವ ಸ್ಥಾನದ ಮೊತ್ತವೂ ಒಂಬತ್ತನ್ನು ಮೀರದುದರಿಂದ ದಶಕವನ್ನು ಮುಂದಕ್ಕೆ ಒಯ್ಯುವ ಪ್ರಸಂಗವೇ ಇಲ್ಲ. ಒಟ್ಟು ಆರಾರಲೆ ಮೂವತ್ತಾರು ಒಂದುಗಳಿರುವುದರಿಂದ ಹನ್ನೊಂದು ಅಂಕಿಗಳ ಮೊತ್ತವೂ 36 ಆಗಿದೆ. ಒಂಬತ್ತು ಒಂದುಗಳ ವರ್ಗದವರೆಗೂ ಈ ಏರಿಳಿತ ಕೆಡುವುದಿಲ್ಲ. ಹತ್ತು ಒಂದುಗಳಾದರೆ ದಶಕವು ನುಗ್ಗಿ ಹಾರದ ನಡು ಕದಡುತ್ತದೆ; ಆಗ ಬರುವುದು 1234567900987654321.

ಇನ್ನು ಒಳಗನ್ನು ನೋಡೋಣ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದುದರಿಂದ ನಮ್ಮ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಬಾರಿ ಅಡಗಿವೆ. ಮೂರು ಮತ್ತು ಏಳನ್ನು ಗುಣಿಸಿದರೆ 21. ಅದರ ವರ್ಗವೇ 441. ಉಳಿದ ಮೂರನ್ನು ಗುಣಿಸಿದರೆ 5291. ಅದರ ವರ್ಗವೇ 27994681. ಆಚಾರ್ಯರ ಗುಣಾಕಾರ ಹೀಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243; ಅವೆಲ್ಲವೂ ಈ ಐದರಿಂದಲೇ ಹುಟ್ಟುತ್ತವೆ.

ಗಣಕಯಂತ್ರದ ಗುಂಡಿಯೊತ್ತಿದರೆ ಉತ್ತರವು ಕ್ಷಣದಲ್ಲಿ ಬಂದೀತು. ಆದರೆ ಅದು ಏಕೆ ಹಾಗೆ ಬಂದಿತೆಂಬ ಬೆರಗು ಯಂತ್ರದಿಂದ ಬಾರದು. ತಾಯಂದಿರೂ ತಂದೆಯರೂ ಒಂದು ಸಂಜೆ ಮಕ್ಕಳೊಡನೆ ಸ್ಲೇಟು ಹಿಡಿದು ಕುಳಿತುಕೊಳ್ಳಬೇಕು. ಮೊದಲು 11ರ ವರ್ಗ, ಬಳಿಕ 111ರ ವರ್ಗ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸಬೇಕು. ಆರನೆಯ ಸಾಲಿಗೆ ಬರುವ ಮೊದಲೇ ಮಗು ಉತ್ತರವನ್ನು ತಾನೇ ಹೇಳೀತು. ಲೆಕ್ಕ ಬಾರದೆಂಬ ತೀರ್ಪನ್ನು ಮಾತ್ರ ಮಗುವಿನ ಕಿವಿಗೆ ಹಾಕಬೇಡಿರಿ. ಕೂಡುವುದನ್ನು ಬಲ್ಲ ಮಗುವಿಗೆ ಈ ಹಾರ ಎಟುಕದ ಎತ್ತರದಲ್ಲಿಲ್ಲ.